ಉಪ್ಪುನೀರಿನ ನೊಣ

ಹೂ ಕಟ್ಟಲು ಕಲಿತ ಕೈ ಸುಮ್ಮನಿರಲಾರದು. ಉಡುಪಿಯ ಕಡೆಯ ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಶಂಕರಪುರದ ಮಲ್ಲಿಗೆಯ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕುವ ಸೀಮೆ ನಮ್ಮದು. ಬಾಯಿ ಊರಿನ ವರ್ತಮಾನವನ್ನೆಲ್ಲ ಆಡುತ್ತಿರುವಾಗಲೂ ಬೆರಳುಗಳು ತಮ್ಮ ಪಾಡಿಗೆ ತಾವು ಮೊಗ್ಗನ್ನು ಜೋಡಿಸಿ, ನಾರನ್ನು ಸುತ್ತಿ, ಗಂಟನ್ನು ಬಿಗಿಯುತ್ತಿರುತ್ತವೆ. ಇಂಥ ಎರಡು ಕೈಗಳನ್ನು ಹೊತ್ತುಕೊಂಡು ನಾನು 2023ರ ಜೂನ್ ತಿಂಗಳಿನಲ್ಲಿ ಅಮೆರಿಕೆಯ ನ್ಯೂಜೆರ್ಸಿ ರಾಜ್ಯದಲ್ಲಿರುವ ಮಗಳ ಮನೆಗೆ ಹೋದೆ. ಅಲ್ಲಿ ಕಟ್ಟಲು ಮಲ್ಲಿಗೆಯಿರಲಿಲ್ಲ, ನೊಣವಿತ್ತು. ಆರು ತಿಂಗಳು ನಾನು ಅಮೆರಿಕೆಯಲ್ಲಿ ನೊಣ ಕಟ್ಟಿದೆನೆಂದರೆ ನೀವು ನಗುವಿರಿ. ‘ನೊಣ ಹೊಡೆದೆ’ ಎಂದು ತಿದ್ದಿ ಓದಿಕೊಳ್ಳುವವರೂ ಇರಬಹುದು. ಆದರೆ ಮಾತು ನಿಜವಾದುದು.

ಮಗಳೂ ಅಳಿಯಂದಿರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆಗೆ. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಹದಿನೈದು ವರ್ಷದ ಮೊಮ್ಮಗ. ಬೇಸಿಗೆಯ ರಜ. ಹುಡುಗನು ತಾಳೆಯ ಮರದಂತೆ ಬೆಳೆದಿದ್ದನು. ಮಾತು ಮಾತ್ರ ಬೆಳೆದಿರಲಿಲ್ಲ. ಅವನಿಗೆ ಬರುತ್ತಿದ್ದ ಕನ್ನಡವೆಂದರೆ ‘ಸಾಕು’, ‘ಬೇಡ’, ‘ಆಯಿತು ಅಜ್ಜಿ’ ಎಂಬ ಮೂರು ಮಾತುಗಳು. ನನ್ನ ಇಂಗ್ಲಿಷು ಐವತ್ತು ವರ್ಷದ ಹಿಂದೆ ಶಾಲೆಯಲ್ಲಿ ಕಲಿತದ್ದು. ಅದರಲ್ಲಿ ಹಸುವಿನ ಮೇಲೆ ಪ್ರಬಂಧ ಬರೆಯಬಹುದಾಗಿತ್ತೇ ಹೊರತು ಮೊಮ್ಮಗನೊಡನೆ ಹರಟುವಂತಿರಲಿಲ್ಲ. ದೂರವಾಣಿಯ ತೆರೆಯ ಮೇಲೆ ವರ್ಷಗಟ್ಟಲೆ ನೋಡಿದ್ದ ಮುಖವೇ ಊಟದ ಮೇಜಿನ ಎದುರಿಗೆ ಕುಳಿತಿರುವಾಗ ಆಡಲು ಮಾತು ದೊರಕದೆ ಹೋಗುವುದಕ್ಕಿಂತ ದೊಡ್ಡ ಬಡತನ ಯಾವುದು?

ಊಟ ಮುಗಿದೊಡನೆ ಅವನು ಮನೆಯ ಕೆಳಗಿನ ನೆಲಮಾಳಿಗೆಗೆ ಇಳಿದುಬಿಡುತ್ತಿದ್ದನು. ಒಂದು ದಿನ ಮಡಿಸಿದ ಬಟ್ಟೆಗಳನ್ನಿಡುವ ನೆಪದಿಂದ ನಾನೂ ಇಳಿದೆ. ಅಲ್ಲಿ ಒಂದು ಮೇಜು. ಮೇಜಿನ ಮೇಲೆ ಅಕ್ಕಸಾಲಿಗರ ಮನೆಯಲ್ಲಿರುವಂಥ ಪುಟ್ಟದೊಂದು ವೈಸ್. ಅದರ ಬಾಯಲ್ಲಿ ಕಿರುಬೆರಳಿನಷ್ಟು ಉದ್ದದ ಗಾಳ. ಸುತ್ತಲೂ ಬಿಳಿ, ಹಳದಿ, ಹಸುರು ಬಣ್ಣ ಹಾಕಿದ ಜಿಂಕೆಯ ಬಾಲಗಳು, ಹುಂಜದ ಗರಿಗಳು, ದೀಪಾವಳಿಯ ಅಲಂಕಾರದಂತೆ ಮಿನುಗುವ ಎಳೆಗಳು, ಉರುಳೆಗೆ ಸುತ್ತಿದ ದಾರ, ಕೊನೆಗೆ ಮಗಳು ಒಂದು ವಾರದಿಂದ ಹುಡುಕುತ್ತಿದ್ದ ಉಗುರುಬಣ್ಣದ ಶೀಸೆ. ಈರುಳ್ಳಿಯನ್ನೂ ಹಬ್ಬದ ದಿನ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು ನಾನು. ಮೂಗಿಗೆ ಸೆರಗು ಹಿಡಿದು, “ಏನು ಮಾಣಿ ಇದು?” ಎಂದೆ.

“ಫ್ಲೈ,” ಎಂದನು.

ನೊಣವೆಂದು ಅರ್ಥವಾಯಿತು, ಏನೆಂದು ಅರ್ಥವಾಗಲಿಲ್ಲ. ಅದರಲ್ಲಿ ನೊಣದ ರೂಪ ಎಳ್ಳಷ್ಟೂ ಇರಲಿಲ್ಲ. ನಾಲ್ಕಂಗುಲ ಉದ್ದ, ಬಿಳಿಯ ಹೊಟ್ಟೆ, ಹಸುರು ಬೆನ್ನು, ಎರಡು ಕಣ್ಣು: ಅದು ಅಚ್ಚುಕಟ್ಟಾದ ಒಂದು ಸಣ್ಣ ಮೀನಿನಂತಿತ್ತು. ಈ ಹೆಸರಿನ ಗುಟ್ಟು ನನಗೆ ತಿಳಿದುದು ಕ್ರಮೇಣ. ಹೊಳೆಯ ಮೀನನ್ನು ಹಿಡಿಯುವವರು ಬಹು ಹಿಂದಿನಿಂದಲೂ ಗಾಳಕ್ಕೆ ದಾರ ಮತ್ತು ಗರಿಗಳನ್ನು ಸುತ್ತಿ ನೀರಿನ ಮೇಲೆ ಬೀಳುವ ಹುಳುವಿನ ಆಕಾರವನ್ನು ಕಟ್ಟುತ್ತಿದ್ದರು. ಆದುದರಿಂದ ಅದು ನೊಣ. ಈ ವಿದ್ಯೆ ಹೊಳೆಯಿಂದ ಕಡಲಿಗೆ ಇಳಿದಾಗ, ಕಡಲಿನ ದೊಡ್ಡ ಮೀನು ಹುಳುವನ್ನು ಲಕ್ಷಿಸದೆ ಸಣ್ಣ ಮೀನನ್ನೇ ಬಯಸಿದ್ದರಿಂದ, ಕಟ್ಟುವವರು ಸಣ್ಣ ಮೀನನ್ನು ಕಟ್ಟತೊಡಗಿದರು. ಹೆಸರು ಮಾತ್ರ ಬದಲಾಗಲಿಲ್ಲ.

ಹುಡುಗನ ಮೇಜಿನ ಮೇಲ್ಗಡೆ ಗೋಡೆಗೆ ಐದು ಅಂಚೆಚೀಟಿಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದನು. 1991ರಲ್ಲಿ ಅಮೆರಿಕೆಯ ಅಂಚೆ ಇಲಾಖೆಯು ಇಂಥ ಐದು ನೊಣಗಳ ಚಿತ್ರವುಳ್ಳ 29 ಸೆಂಟಿನ ಚೀಟಿಗಳನ್ನು ಹೊರಡಿಸಿದ್ದಿತು. ಅವುಗಳಲ್ಲಿ ಒಂದರ ಹೆಸರು ‘ಲೆಫ್ಟೀಸ್ ಡಿಸೀವರ್’. ಎಂದರೆ ಲೆಫ್ಟಿಯ ವಂಚಕ. ಮೇರಿಲೆಂಡಿನ ಲೆಫ್ಟಿ ಕ್ರೇ ಎಂಬುವರು 1950ರ ದಶಕದ ಕೊನೆಯಲ್ಲಿ ಚೆಸಪೀಕ್ ಕೊಲ್ಲಿಯ ಮೀನಿಗಾಗಿ ಇದನ್ನು ರೂಪಿಸಿದರು. ಅವರು 2018ರಲ್ಲಿ ತೀರಿಕೊಂಡರು. ಮೊಮ್ಮಗನು ಕಟ್ಟಲು ಹೆಣಗುತ್ತಿದ್ದುದು ಇದನ್ನೇ. ಹುಂಜದ ಉದ್ದ ಗರಿಗಳನ್ನು ಗಾಳದ ಹಿಂತುದಿಯಲ್ಲಿ ಬಾಲದಂತೆ ಕಟ್ಟಬೇಕು. ಜಿಂಕೆಯ ಬಾಲದ ಕೂದಲನ್ನು ಮುಂತುದಿಯಲ್ಲಿ ಕೊರಳಪಟ್ಟಿಯಂತೆ ಸುತ್ತಲೂ ಹರಡಿ ಕಟ್ಟಬೇಕು. ಆಗ ಬೀಸುವಾಗ ಗರಿಗಳು ಗಾಳಕ್ಕೆ ಸುತ್ತಿಕೊಳ್ಳುವುದಿಲ್ಲ. ನೀರಿನಿಂದ ಎತ್ತಿದೊಡನೆ ಎಲ್ಲವೂ ಮಡಚಿಕೊಂಡು ಗಾಳಿಯನ್ನು ಸೀಳಿ ಹೋಗುತ್ತದೆ. ನೀರಿಗೆ ಬಿದ್ದೊಡನೆ ಬಿಚ್ಚಿಕೊಂಡು ಈಜತೊಡಗುತ್ತದೆ.

ಹೇಳುವಷ್ಟು ಸುಲಭವಲ್ಲ, ಕಟ್ಟುವುದು. ಜಿಂಕೆಯ ಬಾಲದ ಕೂದಲು ಬುಡದ ಕಡೆ ಟೊಳ್ಳು. ದಾರವನ್ನು ಬಿಗಿದೊಡನೆ ಅದು ಹಲ್ಲುಜ್ಜುವ ಬ್ರಷ್ಷಿನಂತೆ ಕೆದರಿ ನಿಲ್ಲುತ್ತದೆ, ಇಲ್ಲವೆ ಗಾಳದ ಸುತ್ತ ಜಾರಿ ಒಂದೇ ಮಗ್ಗುಲಿಗೆ ಬೀಳುತ್ತದೆ. ನಾನು ಮೂರು ಸಂಜೆ ನೋಡುತ್ತಾ ಕುಳಿತೆ. ನಾಲ್ಕನೆಯ ಸಂಜೆ, ಅವನು ಆರನೆಯ ಬಾರಿ ದಾರವನ್ನು ಕತ್ತರಿಸಿ ಎಸೆದಾಗ, ನನ್ನ ಕೈ ತಡೆಯಲಿಲ್ಲ. “ಇಲ್ಲಿ ಕೊಡು,” ಎಂದೆ.

ಹೂ ಕಟ್ಟುವವರಿಗೆ ಇದರ ಮರ್ಮ ತಿಳಿದೇ ಇದೆ. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ತೊಟ್ಟುಗಳನ್ನು ಹಿಡಿದು, ನಾರನ್ನು ಮೊದಲು ಸಡಿಲವಾಗಿ ಸುತ್ತಿ, ಆ ಸುತ್ತನ್ನೂ ಬೆರಳುಗಳ ನಡುವೆಯೇ ಅದುಮಿಕೊಂಡು, ಬಳಿಕ ನೇರವಾಗಿ ಎಳೆಯಬೇಕು. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ. ಕಡಿಮೆಯಾದರೆ ಮುಡಿಯಲ್ಲಿಯೇ ಹೂ ಉದುರುತ್ತದೆ. ನಾನು ಜಿಂಕೆಯ ಕೂದಲನ್ನು ತೊಟ್ಟೆಂದು ಬಗೆದು ಹಾಗೆಯೇ ಹಿಡಿದೆ, ಸುತ್ತಿದೆ, ಎಳೆದೆ. ಕೂದಲು ಇಟ್ಟ ಜಾಗದಲ್ಲಿಯೇ ಕುಳಿತಿತು. ಹುಡುಗನು ಭೂತಗನ್ನಡಿಯಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದನು. ಬಳಿಕ ನನ್ನನ್ನು ನೋಡಿದನು. ಆ ನೋಟ ನನಗೆ ಊರಿನಿಂದ ಹೊರಟ ಮೇಲೆ ದೊರೆತ ಮೊದಲ ಉಡುಗೊರೆ.

ಅಂದಿನಿಂದ ಅವನ ಕುರ್ಚಿಯ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಬಂದಿತು. ಭಾಷೆ ತಾನಾಗಿ ಬರತೊಡಗಿತು. ದಾರ, ಗಂಟು, ಸುತ್ತು, ಬಿಗಿ, ಸಡಿಲ, ತುದಿ, ಬುಡ, ಗರಿ: ಕೈಯಲ್ಲಿ ಇರುವ ವಸ್ತುವಿನ ಹೆಸರನ್ನು ಕಲಿಯಲು ಪುಸ್ತಕ ಬೇಕಾಗುವುದಿಲ್ಲ. ಸುತ್ತುಗಳನ್ನು ಅವನು ಕನ್ನಡದಲ್ಲಿ ಎಣಿಸತೊಡಗಿದನು. ‘ಎಂಟು’ ಎನ್ನುವಾಗ ನಾಲಗೆ ತಡವರಿಸುತ್ತಿದ್ದುದರಿಂದ ಏಳಕ್ಕೇ ನಿಲ್ಲಿಸುತ್ತಿದ್ದನು. ನಾನು ಎಂಟನೆಯ ಸುತ್ತನ್ನು ಬೇಡುತ್ತಿದ್ದೆನು. ಅವನೂ ನನಗೆ ಕಲಿಸಿದನು. ಕೂದಲು ವಿರಳವಾದಷ್ಟೂ ಒಳ್ಳೆಯದು, ಏಕೆಂದರೆ ನಿಜವಾದ ಸಣ್ಣ ಮೀನಿನ ಮೈಯೊಳಗಿಂದ ಬೆಳಕು ಹಾಯುತ್ತದೆ. ಉಪ್ಪುನೀರು ಬರಿಯ ಕಬ್ಬಿಣವನ್ನು ಎರಡು ದಿನದಲ್ಲಿ ತಿಂದುಹಾಕುವುದರಿಂದ ತುಕ್ಕು ಹಿಡಿಯದ ಗಾಳವೇ ಬೇಕು. ಕಡಲಿನಿಂದ ಮರಳಿದೊಡನೆ ನೊಣಗಳನ್ನೆಲ್ಲ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಮೆನ್‌ಹೇಡನ್ ಎಂಬ ಮೀನನ್ನು ಅನುಕರಿಸುವಾಗ ಕಿವಿರಿನ ಹಿಂದೆ ಒಂದು ಕರಿಯ ಚುಕ್ಕೆಯನ್ನಿಡಲು ಮರೆಯಬಾರದು. ಅದು ಆ ಮೀನಿನ ಗುರುತು. ಅದೂ ನಮ್ಮ ಮಲ್ಪೆಯ ಬೂತಾಯಿಯೂ ಒಂದೇ ಬಳಗದವು.

ಅಂಚೆಚೀಟಿಗಳಲ್ಲಿ ಇನ್ನೊಂದು ‘ಜಾಕ್ ಸ್ಕಾಟ್’ ಎಂಬ, ಬ್ರಿಟನ್ನಿನಲ್ಲಿ ಸಾಲ್ಮನ್ ಮೀನಿಗಾಗಿ ಕಟ್ಟುತ್ತಿದ್ದ ಹಳೆಯ ಕಾಲದ ನೊಣ. ಅದರ ಕೆನ್ನೆಯ ಮೇಲೆ ಅರಗಿನ ಹನಿಯಂತೆ ಹೊಳೆಯುವ ಚುಕ್ಕೆಯುಳ್ಳ ಗರಿಯೊಂದಿತ್ತು. ನೋಡಿದೊಡನೆ ನನಗೆ ಗುರುತು ಹತ್ತಿತು. ಅದು ನಮ್ಮ ಘಟ್ಟದ ಕಾಡುಕೋಳಿಯ ಕತ್ತಿನ ಗರಿ! ಆಗುಂಬೆಯ ಕಡೆಯ ನೆಂಟರ ತೋಟದಲ್ಲಿ ಹುಡುಗಿಯಾಗಿದ್ದಾಗ ಅಂಥ ಗರಿಯನ್ನು ಹೆಕ್ಕಿ ಪುಸ್ತಕದ ನಡುವೆ ಇಟ್ಟುಕೊಂಡಿದ್ದೆ. ನೀರಿನಲ್ಲಿ ಆ ಚುಕ್ಕೆ ಮೀನಿನ ಕಣ್ಣಿನಂತೆ ತೋರುವುದರಿಂದ ಸೀಮೆಯವರು ಅದನ್ನು ಬಹುವಾಗಿ ಬಯಸಿ ತರಿಸಿಕೊಳ್ಳುತ್ತಿದ್ದರು. 1960ರ ದಶಕದ ಕೊನೆಯ ವೇಳೆಗೆ ಭಾರತ ಸರಕಾರವು ಆ ಗರಿಗಳ ರಫ್ತನ್ನು ತಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಕ್ಕಿಗೂ ರಕ್ಷಣೆಯನ್ನು ಕೊಟ್ಟಿತು. “ನಿಲ್ಲಿಸದೆ ಇದ್ದಿದ್ದರೆ?” ಎಂದು ಹುಡುಗನು ಕೇಳಿದನು. “ಗರಿ ನಿನ್ನ ಮೇಜಿನ ಮೇಲೆ ಇರುತ್ತಿತ್ತು, ಕೋಳಿ ಘಟ್ಟದ ಮೇಲೆ ಇರುತ್ತಿತ್ತೋ ಇಲ್ಲವೋ,” ಎಂದೆ.

ಆ ಮಾತು ನನ್ನ ಬಾಯಿಂದ ಬಂದ ಮೇಲೆ ನನ್ನನ್ನೇ ಕಾಡತೊಡಗಿತು. ಕೋಳಿಯ ಪರವಾಗಿ ಇಷ್ಟು ಚೆನ್ನಾಗಿ ಮಾತನಾಡುವವಳು ಮೀನಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಗಾಳಕ್ಕೆ ಗರಿ ಕಟ್ಟುತ್ತಿರುವುದು ಎಂಥದು? ಮಲ್ಪೆಯ ಮೊಗವೀರರ ಮೇಲೆ ನನಗೆ ಎಂದೂ ಅಸಮಾಧಾನವಿಲ್ಲ. ಅದು ಅವರ ಅನ್ನ. ಆದರೆ ಮೊಮ್ಮಗನು ಮೀನನ್ನು ತಿನ್ನುವವನೂ ಅಲ್ಲ, ಮಾರುವವನೂ ಅಲ್ಲ. ಹಿಡಿಯುತ್ತಾನೆ, ನೋಡುತ್ತಾನೆ, ಬಿಡುತ್ತಾನೆ. ತಿನ್ನುವುದಕ್ಕಾಗಿ ಹಿಡಿಯುವವನನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಬಿಡುವುದಕ್ಕಾಗಿ ಹಿಡಿಯುವುದೇಕೆ? ಒಂದು ಸಂಜೆ ದಾರವನ್ನು ಕೆಳಗಿಟ್ಟು ಇದನ್ನೇ ಕೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ ಅರೆ ಕನ್ನಡ ಅರೆ ಇಂಗ್ಲಿಷಿನಲ್ಲಿ ಅವನು ಹೇಳಿದುದರ ಸಾರ ಇದು: “ಅಜ್ಜಿ, ಅದು ನನ್ನ ನೊಣವನ್ನು ನಿಜವೆಂದು ನಂಬುವುದನ್ನು ನೋಡಬೇಕು. ಆದರೆ ನಿಮಗೆ ಒಂದು ವಿಷಯ ಹೇಳಬೇಕು. ಬಿಟ್ಟ ಮೀನುಗಳೆಲ್ಲ ಬದುಕುವುದಿಲ್ಲ. ನೂರಕ್ಕೆ 9 ಆಮೇಲೆ ಸಾಯುತ್ತವೆ ಎಂದು ಲೆಕ್ಕ.”

ಅದು ಅವನ ಸ್ವಂತ ಲೆಕ್ಕವಲ್ಲ. ಅಟ್ಲಾಂಟಿಕ್ ತೀರದ ರಾಜ್ಯಗಳ ಮೀನುಗಾರಿಕೆಯ ಆಯೋಗವು ಬಳಸುವ ಸಂಖ್ಯೆ. ನಾನು ಆ ಸಂಖ್ಯೆಯನ್ನು ಕೇಳಿರಲಿಲ್ಲ. ಹೇಳದಿದ್ದರೆ ನನಗೆ ತಿಳಿಯುವ ಸಂಭವವೂ ಇರಲಿಲ್ಲ. ಹೇಳಿದರೆ ಅಜ್ಜಿ ಮೇಜಿನಿಂದ ಎದ್ದುಹೋಗಬಹುದೆಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದನು. ಗಾಳದ ಮೇಲಿನ ವಂಚಕನನ್ನು ಕಟ್ಟುವವನು ಅಜ್ಜಿಯನ್ನು ವಂಚಿಸಲಿಲ್ಲ.

ನಾನು ಎದ್ದುಹೋಗಲಿಲ್ಲ. ಹೋಗಿದ್ದರೆ ಮೀನಿಗೇನೂ ಲಾಭವಾಗುತ್ತಿರಲಿಲ್ಲ. ನಮ್ಮಿಬ್ಬರ ನಡುವಿನ ಎಳೆ ಮಾತ್ರ ಕಡಿಯುತ್ತಿತ್ತು. ಅದರ ಬದಲಿಗೆ ವ್ಯಾಪಾರ ಕುದುರಿಸಿದೆ. ಗಾಳದ ಮೊನೆಯ ಬಳಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡಿದ ಮೇಲೆಯೇ ಕಟ್ಟಲು ತೊಡಗಬೇಕು. ಆಗ ಗಾಳವನ್ನು ಬಿಡಿಸುವಾಗ ಮೀನಿನ ಬಾಯಿ ಹರಿಯುವುದಿಲ್ಲ. ಮೀನನ್ನು ಮರಳಿನ ಮೇಲೆ ಎಳೆಯಬಾರದು. ಒದ್ದೆಗೈಯಿಂದ ನೀರಿನಲ್ಲಿಯೇ ಹಿಡಿಯಬೇಕು. ಮೂರನೆಯದು: ಒಂದು ದಿನಕ್ಕೆ ಎರಡು ಮೀನು. ಎರಡನೆಯದನ್ನು ಬಿಟ್ಟೊಡನೆ ಕೋಲನ್ನು ಮಡಿಸಬೇಕು. ಮೊದಲ ಎರಡಕ್ಕೆ ಅವನು ಕೂಡಲೆ ಒಪ್ಪಿದನು. ಮೂರನೆಯದಕ್ಕೆ ಒಪ್ಪಲು ಎರಡು ದಿನ ತೆಗೆದುಕೊಂಡನು. ಈ ಒಪ್ಪಂದದಿಂದ ನನ್ನ ಮನಸ್ಸು ಪೂರ್ತಿಯಾಗಿ ಹಗುರವಾಯಿತೆಂದು ಹೇಳಲಾರೆ. ನೂರಕ್ಕೆ 9 ಎಂಬುದು ಆಮೇಲೆಯೂ ಮುಳ್ಳಿನಂತೆ ಉಳಿಯಿತು.

ಇಂಥ ಕಟ್ಟುಪಾಡು ಆ ಮೀನಿಗೆ ಹೊಸದಲ್ಲ. ‘ಸ್ಟ್ರೈಪ್ಡ್ ಬಾಸ್’ ಎಂದು ಅದರ ಹೆಸರು. ಬೆಳ್ಳಿಯ ಮೈ, ಉದ್ದಕ್ಕೂ ಏಳೆಂಟು ಕರಿಯ ಪಟ್ಟೆ. ಮುಖ್ಯವಾಗಿ ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ ಹುಟ್ಟಿ ಕಡಲಿಗಿಳಿಯುತ್ತದೆ. ವಸಂತದಲ್ಲಿ ಉತ್ತರಕ್ಕೂ ಶರತ್ಕಾಲದಲ್ಲಿ ದಕ್ಷಿಣಕ್ಕೂ ತೀರದ ಗುಂಟ ಸಂಚರಿಸುತ್ತದೆ. 30 ವರ್ಷದವರೆಗೂ ಬದುಕಬಲ್ಲುದು. 1982ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ದಡದಿಂದಲೇ ಹಿಡಿದ ಒಂದು ಮೀನು 78 ಪೌಂಡು 8 ಔನ್ಸು ತೂಗಿ, 2011ರವರೆಗೆ ಜಗತ್ತಿನ ದಾಖಲೆಯಾಗಿದ್ದಿತು. ಆದರೆ ಆ ದೊಡ್ಡ ಮೀನು ಸಿಕ್ಕಿದ ಕಾಲಕ್ಕೆ ಸಣ್ಣವು ಇಲ್ಲವಾಗುತ್ತಿದ್ದವು. ಹಿಡಿದು ಹಿಡಿದು ಸಂತತಿ ಕ್ಷೀಣಿಸಿತು. 1984ರಲ್ಲಿ ಅಮೆರಿಕೆಯು ಈ ಒಂದು ಮೀನಿಗಾಗಿಯೇ ಕಾನೂನು ಮಾಡಿತು. ಮೇರಿಲೆಂಡ್ ರಾಜ್ಯವು 1985ರಿಂದ ಐದು ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. 1995ರಲ್ಲಿ ಮೀನು ಚೇತರಿಸಿಕೊಂಡಿದೆಯೆಂದು ಘೋಷಿಸಿದರು. ಜನ ಮತ್ತೆ ಹಿಡಿದರು. 2019ರಲ್ಲಿ ಪ್ರಕಟವಾದ ಪರಿಶೀಲನೆಯು ಮತ್ತೆ ಅಪಾಯವನ್ನು ಸಾರಿತು. ನಾನು ಹೋದ 2023ರಲ್ಲಿ ತೀರದವರು ಮನೆಗೆ ಒಯ್ಯಬಹುದಾದ ಮೀನು ದಿನಕ್ಕೆ ಒಂದೇ ಒಂದು. ಅದೂ 28 ಅಂಗುಲಕ್ಕಿಂತ ಕಡಿಮೆಯಿರಬಾರದು, 31 ಅಂಗುಲವನ್ನು ಮೀರಬಾರದು. ದೊಡ್ಡವು ಬಹುಮಟ್ಟಿಗೆ ಮೊಟ್ಟೆಯಿಡುವ ಹೆಣ್ಣುಗಳಾದುದರಿಂದ ಈ ಮೇಲಿನ ಮಿತಿ.

ನವೆಂಬರ್ ತಿಂಗಳ ಒಂದು ಬೆಳಗಿನ ಜಾವ ಅಳಿಯಂದಿರು ನಮ್ಮಿಬ್ಬರನ್ನೂ ಐಲೆಂಡ್ ಬೀಚ್ ಎಂಬಲ್ಲಿಗೆ ಕರೆದೊಯ್ದರು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಬಾರ್ನೆಗಾಟ್ ಕೊಲ್ಲಿ, ನಡುವೆ ಸುಮಾರು 10 ಮೈಲು ಉದ್ದದ ಮರಳಿನ ಪಟ್ಟಿ. ನಮ್ಮ ಪಡುಕೆರೆಯನ್ನು ಹಿಗ್ಗಿಸಿ ಶೀತಪೆಟ್ಟಿಗೆಯಲ್ಲಿ ಇಟ್ಟಂತೆ ಎಂದುಕೊಳ್ಳಿ. ನಾನು ಎರಡು ಕಂಬಳಿ ಹೊದ್ದು ಮಡಿಸುವ ಕುರ್ಚಿಯಲ್ಲಿ ಕುಳಿತೆ. ಹುಡುಗನು ಎದೆಯವರೆಗೆ ರಬ್ಬರಿನ ಉಡುಪು ತೊಟ್ಟು, ಸೊಂಟಕ್ಕೆ ಪಾತ್ರೆ ತೊಳೆಯುವ ಪ್ಲಾಸ್ಟಿಕ್ ತೊಟ್ಟಿಯೊಂದನ್ನು ಬೆಲ್ಟಿನಿಂದ ಬಿಗಿದುಕೊಂಡು ನೀರಿಗಿಳಿದನು. ತೊಟ್ಟಿ ಏತಕ್ಕೆಂದರೆ, ಗರಿಯ ನೊಣಕ್ಕೆ ತೂಕವಿಲ್ಲ. ಅದನ್ನು ದೂರ ಒಯ್ಯುವುದು ದಪ್ಪನಾದ ದಾರದ ತೂಕವೇ. ಎಳೆದುಕೊಂಡ ದಾರವನ್ನು ಕಾಲ ಬಳಿ ಬಿಟ್ಟರೆ ಅಲೆ ಸೆಳೆದು ಗಂಟು ಹಾಕುತ್ತದೆ. ತೊಟ್ಟಿಯಲ್ಲಿ ಬಿದ್ದರೆ ಸುರುಳಿ ಸುರುಳಿಯಾಗಿ ಕುಳಿತು, ಮುಂದಿನ ಬೀಸಿಗೆ ಸರಾಗವಾಗಿ ಹೊರಡುತ್ತದೆ.

ಒಂದು ಗಂಟೆ ಏನೂ ಇಲ್ಲ. ಬಳಿಕ ಹೊತ್ತು ಹುಟ್ಟುವಾಗ ಕಡಲು ಒಮ್ಮೆಗೇ ಕುದಿಯಿತು. ಮೆನ್‌ಹೇಡನ್ ಗುಂಪನ್ನು ಪಟ್ಟೆಮೀನುಗಳು ದಡದವರೆಗೂ ಅಟ್ಟಿಕೊಂಡು ಬಂದಿದ್ದವು. ಮೇಲಿನಿಂದ ಕಡಲಹಕ್ಕಿಗಳು ಕಲ್ಲೆಸೆದಂತೆ ಬೀಳುತ್ತಿದ್ದವು. ದಡದುದ್ದಕ್ಕೂ ಕೋಲುಗಳು ಬಾಗಿದವು, ಜನ ಕೂಗಿದರು. ಹುಡುಗನ ಕೋಲೂ ಬಾಗಿತು. ಮೊದಲನೆಯದನ್ನು ತೊಡೆಯಷ್ಟು ನೀರಿನಲ್ಲಿ ನಿಂತು ಬಿಡಿಸಿ, ತಲೆಯನ್ನು ಅಲೆಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾದು ಬಿಟ್ಟನು. ಹತ್ತು ನಿಮಿಷದೊಳಗೆ ಎರಡನೆಯದು ಬಂದಿತು. ಅದು ದೊಡ್ಡದು. ಅದನ್ನೂ ಬಿಟ್ಟನು.

ಕಡಲು ಇನ್ನೂ ಕುದಿಯುತ್ತಲೇ ಇತ್ತು. ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಕಾಣಸಿಗುವ ನೋಟವೆಂದು ಅಳಿಯಂದಿರು ಹೇಳಿದರು. ನಾನು ಒಪ್ಪಂದದ ಮಾತನ್ನೆತ್ತಲಿಲ್ಲ. ಇಂಥ ದಿನ ಅವನು ಅದನ್ನು ಮರೆತರೆ ನೆನಪಿಸಬಾರದೆಂದೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಹುಡುಗನು ಅಲೆಗಳ ಕಡೆಗೆ ಒಮ್ಮೆ ನೋಡಿದನು. ಪಕ್ಕದವನು ಏಕೆ ನಿಲ್ಲಿಸಿದೆಯೆಂದು ಕೂಗಿ ಕೇಳಿದನು. ಇವನು ಉತ್ತರ ಹೇಳದೆ ದಾರವನ್ನು ಸುತ್ತಿ, ನೊಣವನ್ನು ಕೋಲಿನ ಉಂಗುರಕ್ಕೆ ಸಿಕ್ಕಿಸಿ, ನಡುಗುತ್ತಾ ಬಂದು ನನ್ನ ಕುರ್ಚಿಯ ಪಕ್ಕ ಮರಳಿನಲ್ಲಿ ಕುಳಿತನು. “ಎರಡು,” ಎಂದನು. ಒಂದು ಕಂಬಳಿಯನ್ನು ಅವನಿಗೆ ಹೊದೆಸಿದೆ. ಇಬ್ಬರೂ ಕುಳಿತು ಉಳಿದ ಆಟವನ್ನು ನೋಡಿದೆವು.

ನವೆಂಬರ್ ಕೊನೆಗೆ ನಾನು ಊರಿಗೆ ಮರಳಿದೆ. ಈಗ ವಾರಕ್ಕೊಮ್ಮೆ ಬೆಳಿಗ್ಗೆ ಮಲ್ಪೆಗೆ ಹೋಗುವುದು ನನ್ನ ಹೊಸ ಅಭ್ಯಾಸ. ಮೀನು ಮಾರುವ ಹೆಂಗಸರ ಬುಟ್ಟಿಗಳ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ನೋಡುತ್ತೇನೆ. ಮೊದಲ ದಿನ ಒಬ್ಬಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಅಮ್ಮಾ, ನಿಮಗೆ ಇದು ಏತಕ್ಕೆ?” ಎಂದು ನಕ್ಕಳು. “ಕೊಳ್ಳುವುದಕ್ಕಲ್ಲ, ಮೊಮ್ಮಗನಿಗೆ ಬರೆಯುವುದಕ್ಕೆ,” ಎಂದೆ. ಅವಳು ಒಂದು ಬೂತಾಯಿಯನ್ನು ಬೆರಳಿನಿಂದ ತಿರುಗಿಸಿ ಬಿಸಿಲಿಗೆ ಹಿಡಿದು ತೋರಿಸಿದಳು. ಬೆನ್ನು ನೀಲಿಯೂ ಹಸುರೂ ಬೆರೆತದ್ದು. ಮಗ್ಗುಲಲ್ಲಿ ಮಾಸಿದ ಹೊನ್ನಿನ ಗೆರೆ. ಕಿವಿರಿನ ಅಂಚಿನಲ್ಲಿ ಒಂದು ಕರಿಯ ಚುಕ್ಕೆ. ಅರುವತ್ತೆಂಟು ವರ್ಷ ಈ ಕಡಲಿನಿಂದ ಮೂರು ಮೈಲು ದೂರದಲ್ಲಿ ಬದುಕಿದವಳು ನಾನು. ಆ ಚುಕ್ಕೆಯನ್ನು ಕಂಡದ್ದು ಅಂದೇ. ಅಂದು ರಾತ್ರಿ ಮೊಮ್ಮಗನಿಗೆ ಕನ್ನಡದಲ್ಲಿಯೇ ಬರೆದೆ. ಅವನೂ ಕನ್ನಡದಲ್ಲಿಯೇ ಉತ್ತರ ಕೊಟ್ಟನು. ಒಂದೇ ಸಾಲು, ಅದರಲ್ಲಿ ಎರಡು ತಪ್ಪು: ಚುಕ್ಕೆ ಎಷ್ಟು ದೊಡ್ಡದು, ಅಳೆದು ಹೇಳಿ.